ಬ್ಯಾಸಲ್ ಮನೆ ನೋಡಲು ಹೊರಟವರಿಗೆ

ಇಂಗ್ಲೆಂಡ್‌ನ ಉತ್ತರ ತುದಿಯ ನಾರ್ತಂಬರ್‌ಲ್ಯಾಂಡ್‌ನಲ್ಲಿ ಒಂದು ಕಾಲಕ್ಕೆ ರೈತರೇ ಕೋಟೆಯಂಥ ಮನೆ ಕಟ್ಟಿಕೊಂಡಿದ್ದರು. ಅವುಗಳಿಗೆ ಬ್ಯಾಸಲ್ ಎಂದು ಹೆಸರು. ನಮ್ಮ ಉತ್ತರ ಕರ್ನಾಟಕದ ವಾಡೆಗಳ ಹಾಗೆ ಬುರುಜು, ಹೆಬ್ಬಾಗಿಲು ಇರುತ್ತವೆಂದು ಹೋದರೆ ನಿರಾಸೆಯೇ. ಇದು ಎರಡಂತಸ್ತಿನ ಒರಟು ಕಲ್ಲುಕಟ್ಟಡ, ಅಷ್ಟೆ. 16ನೇ ಶತಮಾನದಲ್ಲಿ ಸ್ಕಾಟ್ಲೆಂಡ್ ಗಡಿಯ ಎರಡೂ ಕಡೆಯ ರೀವರ್ ಎಂಬ ದರೋಡೆ ಗುಂಪುಗಳು ರಾತ್ರಿ ಬಂದು ದನ ಹೊಡೆದುಕೊಂಡು ಹೋಗುತ್ತಿದ್ದವು. ಅದಕ್ಕೇ ಕೆಳಗೆ ದನ, ಮೇಲೆ ಜನ.

ಮೊದಲು ಬ್ಲ್ಯಾಕ್ ಮಿಡನ್ಸ್ ಬ್ಯಾಸಲ್ ನೋಡಿ. ಬೆಲ್ಲಿಂಜಮ್ ಊರಿನಿಂದ ವಾಯವ್ಯಕ್ಕೆ ಸುಮಾರು 11 ಕಿ.ಮೀ. ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ನೋಡಿಕೊಳ್ಳುತ್ತದೆ, ಟಿಕೆಟ್ ಇಲ್ಲ. ಸ್ವಂತ ಕಾರಿದ್ದರೆ ಒಳ್ಳೆಯದು. ಸೂರು ಹೋಗಿದೆ, ಗೋಡೆಗಳಿವೆ. ಕಣ್ಣು ಪಳಗಲು ಇಷ್ಟು ಸಾಕು.

ಆಮೇಲೆ ಸುತ್ತಲಿನ ಯಾವ ಹಳೆಯ ತೋಟದ ಮನೆ ಎದುರಾದರೂ ಬಾಗಿಲಿನಿಂದ ಶುರು ಮಾಡಿ. ದಪ್ಪ ಗೋಡೆ, ಕಿರುಕಿಟಕಿ ಕಂಡ ಕೂಡಲೇ ಕೋಟೆ ಎನ್ನಬೇಡಿ. ಚಳಿಯ ನಾಡು, ಒರಟು ಕಲ್ಲು. ಸಾಮಾನ್ಯ ಮನೆಯ ಗೋಡೆಯೂ ದಪ್ಪವೇ. ಬ್ಯಾಸಲ್‌ನ ಕೊಟ್ಟಿಗೆ ಬಾಗಿಲು ಹೆಚ್ಚಾಗಿ ಮನೆಯ ಕಿರಿ ಬದಿಯ ಗೋಡೆಯಲ್ಲಿರುತ್ತದೆ, ದನ ಒಂದೊಂದಾಗಿ ನುಗ್ಗುವಷ್ಟು ಇಕ್ಕಟ್ಟು. ಬಾಗಿಲ ಪಕ್ಕದ ಕಲ್ಲಿನಲ್ಲಿ ಚೌಕಾಕಾರದ ಆಳ ಗೂಡಿದೆಯೇ? ಕೈ ಹಾಕಿ ನೋಡಿ. ಮರದ ಅಗಳಿ ಒಳಗೆ ಸರಿದು ಕೂರುತ್ತಿದ್ದ ಜಾಗ ಅದು. ಕೆಲವೆಡೆ ಬಾಗಿಲ ಮೇಲೊಂದು ತೂತೂ ಉಂಟು: ಕಳ್ಳರು ಬಾಗಿಲಿಗೆ ಬೆಂಕಿಯಿಟ್ಟರೆ ಮೇಲಿನಿಂದ ನೀರು ಸುರಿಯಲು. ಇದು ಸಿಕ್ಕರೆ ಅನುಮಾನವೇ ಬೇಡ. ಮನೆಯವರು ಮಾಳಿಗೆಗೆ ಏಣಿ ಹತ್ತಿ ಹೋಗಿ ಏಣಿಯನ್ನೂ ಎಳೆದುಕೊಳ್ಳುತ್ತಿದ್ದರು. ಹೊರಗಿನ ಕಲ್ಲುಮೆಟ್ಟಿಲು ಸಾಮಾನ್ಯವಾಗಿ ಆಮೇಲಿನದು. ಉದ್ದ ಗೋಡೆಯ ನೆಲಮಟ್ಟದ ಅಗಲ ಬಾಗಿಲೂ ಬಹುತೇಕ ಹಾಗೆಯೇ.

ಕಾಕೆಟ್ ಕಣಿವೆಯ ವುಡ್‌ಹೌಸಸ್ ಬ್ಯಾಸಲ್‌ನ ಬಾಗಿಲ ಮೇಲೆ 1602 ಎಂದು ಕೆತ್ತಿದೆ. ಮರುವರ್ಷವೇ ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡಕ್ಕೂ ಒಬ್ಬನೇ ದೊರೆಯಾದ. ಮುಂದೆ ದರೋಡೆ ತಣ್ಣಗಾದ ಹಾಗೆ ಇಂಥ ಎಷ್ಟೋ ಮನೆಗಳಿಗೆ ದೊಡ್ಡ ಕಿಟಕಿಗಳು ಬಂದವು.

ಹಲವು ಬ್ಯಾಸಲ್‌ಗಳು ಈಗಲೂ ಖಾಸಗಿ ಜಮೀನಿನಲ್ಲಿವೆ, ಕೆಲವುಗಳಲ್ಲಿ ಜನ ವಾಸವಿದ್ದಾರೆ. ಕೇಳದೆ ಅಂಗಳಕ್ಕೆ ಕಾಲಿಡಬೇಡಿ. ಸಂರಕ್ಷಿತ ತಾಣದಲ್ಲಿ ಅನುಮತಿಯಿಲ್ಲದೆ ಮೆಟಲ್ ಡಿಟೆಕ್ಟರ್ ಬಳಸುವುದು ಅಪರಾಧ. ಏಪ್ರಿಲ್ ಹೊತ್ತಿಗೆ ಕುರಿಗಳು ಮರಿ ಹಾಕುತ್ತಿರುತ್ತವೆ, ನಾಯಿ ಜೊತೆಗಿದ್ದರೆ ಹಗ್ಗ ಬಿಡಬೇಡಿ. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಕಾಗದದ ನಕ್ಷೆ, ನೀರು ತಡೆಯುವ ಬೂಟು, ಅಗಳಿಗೂಡಿನೊಳಗೆ ಇಣುಕಲು ಒಳ್ಳೆಯ ಟಾರ್ಚ್ ಇರಲಿ.