ಹುಚ್ಚುನಾಯಿಯ ಜೊಲ್ಲು

ಹುಚ್ಚುನಾಯಿ ಎಂದರೆ ಎಲ್ಲರೂ ಅದರ ಹಲ್ಲಿಗೆ ಹೆದರುವರು. ಆದರೆ ರೋಗವಿರುವುದು ಹಲ್ಲಿಗಂಟಿದ ಜೊಲ್ಲಿನಲ್ಲಿ. 1804ರಲ್ಲಿ ಜರ್ಮನಿಯ ತ್ಸಿಂಕೆ ಎಂಬ ವೈದ್ಯರು ಹುಚ್ಚುನಾಯಿಯ ಜೊಲ್ಲನ್ನು ಆರೋಗ್ಯವುಳ್ಳ ನಾಯಿಯ ಗಾಯಕ್ಕೆ ಸವರಿ, ಅದಕ್ಕೂ ರೋಗವು ತಗಲುವುದನ್ನು ತೋರಿಸಿಕೊಟ್ಟರು.

ಆದಕಾರಣ ಕಚ್ಚಿದರೆ ಮಾತ್ರವೇ ಅಪಾಯವೆಂದು ತಿಳಿಯಕೂಡದು. ತರಚುಗಾಯವನ್ನಾಗಲಿ, ಕಣ್ಣು ಬಾಯಿಗಳನ್ನಾಗಲಿ ರೋಗದ ನಾಯಿಯು ನೆಕ್ಕಿದರೂ ಸಾಕು. ಗಾಯವಿಲ್ಲದ ಚರ್ಮದ ಮೂಲಕ ಮಾತ್ರ ರೋಗಾಣುವು ಒಳಸೇರಲಾರದು. ನಾಯಿಗೆ ಹುಚ್ಚಿನ ಲಕ್ಷಣಗಳು ತೋರುವುದಕ್ಕೆ ಕೆಲವು ದಿನ ಮುಂಚೆಯೇ ಅದರ ಜೊಲ್ಲು ವಿಷಮಯವಾಗಿರಬಹುದು. ಎಲ್ಲ ಹುಚ್ಚುನಾಯಿಗಳೂ ಅಟ್ಟಿಕೊಂಡು ಬರುವುದಿಲ್ಲ. ಕೆಲವು ದವಡೆ ಜೋತುಬಿದ್ದು, ಮೂಲೆ ಹಿಡಿದು ಮಲಗುವುವು.

ರೈತರು ಹೆಚ್ಚಾಗಿ ಮೋಸಹೋಗುವುದು ದನಗಳ ವಿಷಯದಲ್ಲಿ. ಮೇಯುವ ಹಸುವನ್ನು ಹುಚ್ಚುನಾಯಿಯು ಕಡಿದುದನ್ನು ಯಾರೂ ನೋಡಿರುವುದಿಲ್ಲ. ವಾರಗಳು ಕಳೆದ ಮೇಲೆ ಹಸುವು ಮೇವು ಬಿಟ್ಟು, ಜೊಲ್ಲು ಸುರಿಸುತ್ತ, ಒಡೆದ ದನಿಯಲ್ಲಿ ಕೂಗತೊಡಗುವುದು, ನೀರನ್ನೂ ನುಂಗಲಾರದು. ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಒಡೆಯನು ಬಾಯೊಳಗೆ ಕೈ ತೂರಿಸಿ ಹುಡುಕುವನು, ಇಲ್ಲವೆ ಗೊಟ್ಟದಿಂದ ಔಷಧ ಹೊಯ್ಯುವನು. ಕುಡುಗೋಲು ತಾಕಿದ ಗಾಯವಿಲ್ಲದ ಕೈ ಯಾವ ಒಕ್ಕಲಿಗನದು? ಇಂಥ ಹಸುವಿನ ಬಾಯಿಗೆ ಕೈಯಿಡದೆ, ಅದನ್ನು ಪ್ರತ್ಯೇಕವಾಗಿ ಕಟ್ಟಿ, ಪಶುವೈದ್ಯರಿಗೆ ಒಡನೆಯೇ ತಿಳಿಸತಕ್ಕದ್ದು.

ಒಳಹೊಕ್ಕ ರೋಗಾಣುವು ನರಗಳ ಮಾರ್ಗವಾಗಿ ಮೆಲ್ಲನೆ ಮಿದುಳಿಗೆ ಏರುವುದು. ಇದಕ್ಕೆ ಸಾಮಾನ್ಯವಾಗಿ 1ರಿಂದ 3 ತಿಂಗಳು ಹಿಡಿಯುವುದು. ತಲೆ, ಮುಖಗಳ ಕಡಿತವಾದರೆ ಇನ್ನೂ ಬೇಗ. ನೀರನ್ನು ಕಂಡು ಗಂಟಲು ಸೆಳೆಯತೊಡಗಿದ ಮೇಲೆ ಉಳಿದವರು ಅತಿ ವಿರಳ. ನಡುವಣ ಈ ಅವಧಿಯೇ ನಮಗಿರುವ ಅವಕಾಶ. 1885ರ ಜುಲೈ 6ರಂದು ಪ್ಯಾರಿಸಿನಲ್ಲಿ ಪಾಸ್ಟರ್ ಅವರು, 2 ದಿನಗಳ ಹಿಂದೆ ನಾಯಿ ಕಡಿದಿದ್ದ 9 ವರ್ಷದ ಜೋಸೆಫ್ ಮೈಸ್ಟರನಿಗೆ ಲಸಿಕೆ ಹಾಕಿಸಲು ಆರಂಭಿಸಿದುದು ಈ ಅವಧಿಯಲ್ಲಿಯೇ.

ಕಡಿತವಾದೊಡನೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯತಕ್ಕದ್ದು. ರೋಗಾಣುವಿನ ಮೇಲಣ ಕೊಬ್ಬಿನ ಪೊರೆಯನ್ನು ಸಾಬೂನು ಕರಗಿಸುವುದು. ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿಗಳನ್ನು ಮೆತ್ತಕೂಡದು. ಅನಂತರ ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆಯನ್ನೂ, ರಕ್ತ ಬಂದ ಗಾಯವಾದರೆ ಅದರೊಳಗೂ ಸುತ್ತಲೂ ಹಾಕುವ ಪ್ರತಿವಿಷವನ್ನೂ ಪಡೆಯಬೇಕು. ಹೊಟ್ಟೆಗೆ 14 ಸೂಜಿಗಳೆಂಬ ಹಳೆಯ ಭಯಕ್ಕೆ ಈಗ ಕಾರಣವಿಲ್ಲ. ತೋಳಿಗೆ ಕೆಲವೇ ಚುಚ್ಚುಮದ್ದುಗಳು, ಆದರೆ ಹೇಳಿದ ದಿನಗಳಂದು ತಪ್ಪದೆ. ಬೈಗುಳಕ್ಕೆ ಅಂಜಿ ಮಕ್ಕಳು ಸಣ್ಣ ತರಚನ್ನು ಮುಚ್ಚಿಡುವುದುಂಟು, ಕೇಳಿ ತಿಳಿಯಬೇಕು. ಕಡಿದ ನಾಯಿಯನ್ನು ಕೊಲ್ಲದೆ 10 ದಿನ ಕಟ್ಟಿ ನೋಡುವುದು ಒಳ್ಳೆಯದೇ, ಆದರೆ ಅದಕ್ಕಾಗಿ ಮೊದಲನೆಯ ಚುಚ್ಚುಮದ್ದನ್ನು ಒಂದು ದಿನವೂ ತಡೆಯಲಾಗದು.