ವಯಸ್ಸು ಮತ್ತು ಉಸಿರು

ಮಹಾನಗರಗಳಲ್ಲಿ ನೆಲಸಿರುವ ನಮ್ಮ ಹಿರಿಯರ ಬಾಯಿಂದ ಮೇಲಿಂದ ಮೇಲೆ ಕೇಳಿಬರುವ ಮಾತೊಂದುಂಟು: “ರೈಲ್ವೆ ಸೇತುವೆಯ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ವಯಸ್ಸಾಯಿತಲ್ಲ!” ಕೇಳಿದವರು ಹೌದೆಂದು ತಲೆದೂಗುತ್ತಾರೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವು ಎಷ್ಟೋ ಬಾರಿ ಚಿಕಿತ್ಸೆಗೆ ಬಗ್ಗುವ ಕಾಯಿಲೆಯನ್ನು ವರ್ಷಗಟ್ಟಲೆ ಮರೆಮಾಚಿಬಿಡುತ್ತದೆ. ವಯಸ್ಸು ನಮ್ಮ ಶ್ವಾಸಕೋಶಗಳಿಂದ ಏನನ್ನು ಕಳೆಯುತ್ತದೆ, ಯಾವ ನಷ್ಟಕ್ಕೆ ವಯಸ್ಸು ಹೊಣೆಯಲ್ಲ ಎಂಬುದನ್ನು ಬೇರ್ಪಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಉಸಿರನ್ನು ಅಳೆಯಬಹುದೆಂದು ವ್ಯವಸ್ಥಿತವಾಗಿ ತೋರಿಸಿಕೊಟ್ಟವನು ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್. ನೀರಿನಲ್ಲಿ ಬೋರಲಾಗಿ ನಿಂತ ಪಾತ್ರೆಯೊಂದರೊಳಕ್ಕೆ ಕೊಳವೆಯ ಮೂಲಕ ಊದಿಸಿ, ಆ ಪಾತ್ರೆ ಎಷ್ಟು ಮೇಲೇಳುವುದೆಂಬುದರಿಂದ ಗಾಳಿಯ ಪ್ರಮಾಣವನ್ನು ತಿಳಿಯುವುದು ಅವನ ಉಪಾಯ. ನಾವಿಕರು, ಪೊಲೀಸರು, ಬೆಂಕಿ ಆರಿಸುವವರು, ಜಟ್ಟಿಗಳು ಹೀಗೆ ಎರಡು ಸಾವಿರಕ್ಕೂ ಮಿಕ್ಕಿದ ಜನರನ್ನು ಊದಿಸಿ, 1846ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದನು. ಎತ್ತರ ಹೆಚ್ಚಿದಂತೆ ಹೊರಬೀಳುವ ಗಾಳಿ ಹೆಚ್ಚುತ್ತದೆ, ವಯಸ್ಸು ಏರಿದಂತೆ ಅದು ಇಳಿಯುತ್ತದೆ ಎಂಬ ಎರಡು ಸಂಗತಿಗಳು ಅಂದೇ ಸ್ಪಷ್ಟವಾದವು. ಜೀವವಿಮೆಯವರಿಗೆ ಈ ಅಳತೆ ಉಪಯೋಗಕ್ಕೆ ಬಂದೀತೆಂದು ಅವನು ನಂಬಿದ್ದನು. ಮುಂದೆ ಅವನು ಆಸ್ಟ್ರೇಲಿಯಕ್ಕೆ ಹೊರಟುಹೋಗಿ, 1861ರಲ್ಲಿ ಫಿಜಿ ದ್ವೀಪದಲ್ಲಿ ತೀರಿಕೊಂಡನು. ಅವನ ಸ್ಪೈರೋಮೀಟರ್ ಮಾತ್ರ ರೂಪ ಬದಲಿಸಿಕೊಂಡು ಇಂದಿಗೂ ವೈದ್ಯರ ಮೇಜಿನ ಮೇಲಿದೆ.

ಈ ಇಳಿತಕ್ಕೆ ಕಾರಣವೇನು? ಶ್ವಾಸಕೋಶಗಳು ಸುಮಾರು 20ರಿಂದ 25ನೆಯ ವಯಸ್ಸಿನ ವೇಳೆಗೆ ತಮ್ಮ ಪೂರ್ಣ ಸಾಮರ್ಥ್ಯವನ್ನು ಮುಟ್ಟುತ್ತವೆ. ಕೆಲಕಾಲ ಅಲ್ಲಿಯೇ ನಿಂತು, ಬಳಿಕ ಮೆಲ್ಲಮೆಲ್ಲನೆ ಇಳಿಯತೊಡಗುತ್ತವೆ. ಅವುಗಳ ಒಳಗಿರುವ ಕೋಟ್ಯಂತರ ಗಾಳಿಚೀಲಗಳ ಸುತ್ತ ಹಿಗ್ಗಿ ಕುಗ್ಗುವ ಸೂಕ್ಷ್ಮ ತಂತುಗಳಿವೆ. ಹಳೆಯ ಬಟ್ಟೆಯ ಇಲಾಸ್ಟಿಕ್ ಸಡಿಲವಾಗುವಂತೆ ಈ ತಂತುಗಳ ಸೆಳೆತವೂ ಕಾಲಕ್ರಮದಲ್ಲಿ ತಗ್ಗುತ್ತದೆ. ಕಿರಿಯ ಶ್ವಾಸನಾಳಗಳನ್ನು ತೆರೆದು ಹಿಡಿದಿರುವುದೂ ಇದೇ ಸೆಳೆತವಾದ್ದರಿಂದ, ಅದು ತಗ್ಗಿದಾಗ ಉಸಿರು ಬಿಡುವ ಕೊನೆಯಲ್ಲಿ ಆ ನಾಳಗಳು ಬೇಗನೆ ಮುಚ್ಚಿಕೊಂಡು ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಇತ್ತ ಪಕ್ಕೆಲುಬುಗಳನ್ನು ಎದೆಮೂಳೆಗೆ ಜೋಡಿಸುವ ಮೃದ್ವಸ್ಥಿ ಸುಣ್ಣಗಟ್ಟಿ ಎದೆಗೂಡು ಬಿರುಸಾಗುತ್ತದೆ. ಬೆನ್ನು ಬಾಗಿದರೆ ಇನ್ನಷ್ಟು ಇಕ್ಕಟ್ಟು. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯ ಬಲವೂ ಕುಂದುತ್ತದೆ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಶ್ವಾಸಕೋಶದ ಒಟ್ಟು ಗಾತ್ರವು ವಯಸ್ಸಿನೊಂದಿಗೆ ಹೆಚ್ಚೇನೂ ಬದಲಾಗುವುದಿಲ್ಲ. ಬದಲಾಗುವುದು ಒಳಗಿನ ಪಾಲು. ಎಷ್ಟೇ ಊದಿದರೂ ಹೊರಬಾರದೆ ಉಳಿಯುವ ಗಾಳಿಯು 20ರಿಂದ 70ರ ವಯಸ್ಸಿನೊಳಗೆ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಆದ್ದರಿಂದ ಬಳಕೆಗೆ ದೊರೆಯುವ ಗಾಳಿ ಅಷ್ಟು ಕಡಮೆಯಾಗುತ್ತದೆ. ಮನೆ ಅಷ್ಟೇ ಇದ್ದು, ತೆರವುಮಾಡಲಾಗದ ಸಾಮಾನು ಬೆಳೆಯುತ್ತ ಹೋದಂತೆ!

ವೈದ್ಯರು ಮುಖ್ಯವಾಗಿ ನೋಡುವುದು, ಎದೆ ತುಂಬ ಉಸಿರೆಳೆದು ರಭಸದಿಂದ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬೀಳುವ ಗಾಳಿಯ ಪ್ರಮಾಣವನ್ನು. ಧೂಮಪಾನ ಮಾಡದ ಆರೋಗ್ಯವಂತನಲ್ಲಿ ಇದು ವರ್ಷಕ್ಕೆ ಸರಿಸುಮಾರು 25ರಿಂದ 30 ಮಿಲಿಲೀಟರ್‌ನಂತೆ ಇಳಿಯುತ್ತದೆ. ಲೆಕ್ಕಕ್ಕಾಗಿ 30ನೆಯ ವಯಸ್ಸಿನಲ್ಲಿ ಮೂರೂವರೆ ಲೀಟರ್ ಊದಬಲ್ಲ ಒಬ್ಬನನ್ನು ಕಲ್ಪಿಸಿಕೊಳ್ಳೋಣ. ವರ್ಷಕ್ಕೆ 30 ಮಿಲಿಲೀಟರ್‌ನಂತೆ ಕಳೆದರೆ 70ನೆಯ ವಯಸ್ಸಿನಲ್ಲಿ ಅವನಿಗೆ 2.3 ಲೀಟರ್ ಉಳಿಯುತ್ತದೆ. ಸುಮ್ಮನೆ ಕುಳಿತಾಗ ಒಂದು ಉಸಿರಿಗೆ ನಮಗೆ ಬೇಕಾಗುವುದು ಅರ್ಧ ಲೀಟರ್ ಮಾತ್ರ. ಹಾಗಾಗಿ ಈತನು ಸಂಜೆಯ ನಡಿಗೆಗೂ ಮಾರುಕಟ್ಟೆಗೂ ನಿರಾಯಾಸವಾಗಿ ಹೋಗಿಬರಬಲ್ಲನು. ಕೇವಲ ವಯಸ್ಸಿನ ಕಾರಣದಿಂದ ಸಮತಟ್ಟಾದ ರಸ್ತೆಯಲ್ಲಿ ಯಾರೂ ಉಸಿರಿಗಾಗಿ ನಿಲ್ಲಬೇಕಾಗಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಅದೇ ವ್ಯಕ್ತಿ ಬೀಡಿ ಸಿಗರೇಟುಗಳ ದಾಸನಾಗಿದ್ದು, ಹೊಗೆಯ ಹಾನಿಗೆ ಸುಲಭವಾಗಿ ತುತ್ತಾಗುವ ದೇಹಪ್ರಕೃತಿಯವನೂ ಆಗಿದ್ದರೆ ಲೆಕ್ಕವೇ ಬೇರೆ. ಇಳಿತ ವರ್ಷಕ್ಕೆ 60 ಮಿಲಿಲೀಟರ್ ಆದರೆ 70ನೆಯ ವಯಸ್ಸಿಗೆ ಉಳಿಯುವುದು 1.1 ಲೀಟರ್, ಸ್ನಾನ ಮಾಡಿ ಬಟ್ಟೆ ಉಡುವಾಗಲೂ ತೇಕು ಬರುವ ಸ್ಥಿತಿ. ಚಾರ್ಲ್ಸ್ ಫ್ಲೆಚರ್ ಮತ್ತು ರಿಚರ್ಡ್ ಪೀಟೋ ಅವರು ಲಂಡನ್ನಿನ 792 ದುಡಿಯುವ ಪುರುಷರನ್ನು ಎಂಟು ವರ್ಷಗಳ ಕಾಲ ಅಳೆದು, 1977ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳು ಇದೇ. ಧೂಮಪಾನವನ್ನು ಬಿಟ್ಟವನಿಗೆ ಕಳೆದುಕೊಂಡ ಸಾಮರ್ಥ್ಯ ಮರಳಿ ಬರಲಿಲ್ಲ. ಆದರೆ ಮುಂದಿನ ಇಳಿತವು ಸೇದದವನ ಇಳಿತದ ಮಟ್ಟಕ್ಕೆ ಬಂದಿತು. ನಮ್ಮ ಲೆಕ್ಕದ ವ್ಯಕ್ತಿ 50ರಲ್ಲಿ ಬಿಟ್ಟಿದ್ದರೆ 70ರಲ್ಲಿ ಅವನಿಗೆ 1.7 ಲೀಟರ್ ಇರುತ್ತಿತ್ತು. ಆ 600 ಮಿಲಿಲೀಟರ್ ಎಂದರೆ ಮನೆಯಿಂದ ಹೊರಗೆ ಕಾಲಿಡುವುದಕ್ಕೂ ಹಾಸಿಗೆಯ ಅಂಚಿನಲ್ಲಿ ಕುಳಿತಿರುವುದಕ್ಕೂ ಇರುವ ಅಂತರ. “ಈ ವಯಸ್ಸಿನಲ್ಲಿ ಬಿಟ್ಟು ಏನು ಪ್ರಯೋಜನ?” ಎನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತಿಳಿಯದು.

ಹೊಗೆಯೆಂದರೆ ಗಂಡಸರ ಬೀಡಿಯ ಹೊಗೆ ಮಾತ್ರವಲ್ಲ. ಊರಿನಲ್ಲಿ ಸೌದೆ, ಬೆರಣಿಗಳ ಒಲೆಯ ಮುಂದೆ ಬಾಳು ಸವೆಸಿ, ಈಗ ಮಕ್ಕಳ ಜೊತೆ ನಗರದ ಫ್ಲ್ಯಾಟಿನಲ್ಲಿರುವ ನಮ್ಮ ತಾಯಂದಿರ ವಿಷಯವನ್ನು ಯಾರೂ ಎಣಿಸುವುದಿಲ್ಲ. ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರ ಕುರಿತು ನಡೆದು 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿದ ಸಂಖ್ಯೆ 60ನ್ನು ಮುಟ್ಟಿದ ಮೇಲೆ ದೀರ್ಘಕಾಲದ ಕೆಮ್ಮು ಕಫಗಳ ಕಾಯಿಲೆಯ ಸಂಭವ ಗಣನೀಯವಾಗಿ ಏರಿರುವುದು ಕಂಡುಬಂದಿತು. ದಿನಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವರ್ಷ ಅಡುಗೆ ಮಾಡಿದರೆ ಆ ಸಂಖ್ಯೆ ತುಂಬುತ್ತದೆ. ಅಂಥವರ ಏದುಸಿರನ್ನು ಮುಪ್ಪಿನ ಲೆಕ್ಕಕ್ಕೆ ಬರೆಯುವ ಮುನ್ನ ವೈದ್ಯರಿಗೆ ಈ ಸಂಗತಿಯನ್ನು ತಿಳಿಸಬೇಕು. ಅವರಾಗಿ ಹೇಳುವುದು ವಿರಳ.

ಶ್ವಾಸಕೋಶಗಳದಲ್ಲದ ತಪ್ಪನ್ನು ಅವುಗಳ ಮೇಲೆ ಹೊರಿಸುವುದೂ ಉಂಟು. 1966ರಲ್ಲಿ ಅಮೆರಿಕದ ಡಲಾಸ್ ನಗರದಲ್ಲಿ 20 ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲಿಯೇ ಮಲಗಿಸಿ, ಶ್ರಮದ ವೇಳೆ ಅವರ ದೇಹವು ಬಳಸಬಲ್ಲ ಆಮ್ಲಜನಕದ ಪ್ರಮಾಣವನ್ನು ಅಳೆದರು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಅಳೆದಾಗ ಕಂಡದ್ದು ಬೆರಗಿನ ಸಂಗತಿ: ಮೂವತ್ತು ವರ್ಷಗಳ ವಯಸ್ಸು ಮಾಡಿದ ನಷ್ಟಕ್ಕಿಂತ ಮೂರು ವಾರಗಳ ಹಾಸಿಗೆ ಮಾಡಿದ ನಷ್ಟವೇ ಹೆಚ್ಚಾಗಿತ್ತು. ಐವತ್ತರ ಆ ಗೃಹಸ್ಥರಿಗೆ ಆರು ತಿಂಗಳ ವ್ಯಾಯಾಮ ಮಾಡಿಸಿದಾಗ ವಯಸ್ಸಿನಿಂದಾದ ಇಳಿತವು ತುಂಬಿಬಂದಿತು. ನಿವೃತ್ತರಾದ ಮೇಲೆ ಕುರ್ಚಿಗೆ ಅಂಟಿಕೊಂಡವರ ಏದುಸಿರಿಗೆ ಕಾರಣ ಹಲವು ಸಲ ಸೋಮಾರಿಯಾದ ಸ್ನಾಯುಗಳೇ. ರಕ್ತಹೀನತೆ ಮತ್ತು ಹೃದಯದ ದೌರ್ಬಲ್ಯಗಳನ್ನೂ ಮರೆಯುವಂತಿಲ್ಲ. ಏದುಸಿರಿನೊಂದಿಗೆ ಕಾಲು ಊದಿಕೊಂಡರೆ ಅಥವಾ ರಾತ್ರಿ ಮಲಗಿದಾಗ ಉಸಿರು ಕಟ್ಟಿದರೆ ತಡಮಾಡಬಾರದು.

ಇದಕ್ಕೆ ವಿರುದ್ಧವಾದ ಪ್ರಮಾದವೂ ನಡೆಯುತ್ತದೆ. ಮೊದಲ ಸೆಕೆಂಡಿನ ಗಾಳಿಯು ಊದಿದ ಒಟ್ಟು ಗಾಳಿಯ ಶೇಕಡ 70ಕ್ಕಿಂತ ಕಡಮೆಯಾದರೆ ಶ್ವಾಸನಾಳಗಳಲ್ಲಿ ಅಡಚಣೆಯಿದೆ ಎಂಬುದು ರೂಢಿಯ ನಿಯಮ. ಆದರೆ ಈ ಪ್ರಮಾಣವೂ ವಯಸ್ಸಿನೊಂದಿಗೆ ಸಹಜವಾಗಿ ತಗ್ಗುವುದರಿಂದ, 75 ದಾಟಿದ ಆರೋಗ್ಯವಂತರಿಗೂ ರೋಗಿಯೆಂಬ ಹಣೆಪಟ್ಟಿ ಬೀಳುವ ಸಂಭವವಿದೆ. ಆದ್ದರಿಂದಲೇ 2012ರಲ್ಲಿ 3ರಿಂದ 95 ವರ್ಷದವರೆಗಿನ 74 ಸಾವಿರಕ್ಕೂ ಹೆಚ್ಚು ಆರೋಗ್ಯವಂತರ ಅಳತೆಗಳಿಂದ ವಯಸ್ಸಿಗೆ ತಕ್ಕ ಮಾನದಂಡಗಳನ್ನು ರೂಪಿಸಲಾಯಿತು. ಮುಂಬಯಿಯಲ್ಲಿ ಡಾ. ಉದ್ವಾಡಿಯಾ ಮತ್ತು ಸಂಗಡಿಗರು ಆರೋಗ್ಯವಂತ ಭಾರತೀಯರ ಅಳತೆಗಳನ್ನು 1987ರಲ್ಲಿಯೇ ಪ್ರಕಟಿಸಿದ್ದರು. ಯಾರ ಮಾನದಂಡವನ್ನು ಯಾರಿಗೆ ಅನ್ವಯಿಸಬೇಕೆಂಬ ಚರ್ಚೆ ವೈದ್ಯಲೋಕದಲ್ಲಿ ಇನ್ನೂ ಮುಗಿದಿಲ್ಲ.

ಈ ಚರ್ಚೆಗೆ ಸಿಲುಕದ ಹೋಲಿಕೆಯೊಂದಿದೆ: ನಮ್ಮನ್ನು ನಮ್ಮೊಡನೆಯೇ ಹೋಲಿಸುವುದು. ಧೂಮಪಾನಿಗಳು, ಹೊಗೆ ದೂಳುಗಳ ನಡುವೆ ದುಡಿದವರು, ಬಹುಕಾಲದಿಂದ ಕೆಮ್ಮುವವರು 40ರ ಸುಮಾರಿಗೆ ಒಮ್ಮೆ ಊದಿ, ಆ ಕಾಗದವನ್ನು ವಿಮಾ ಪತ್ರದಂತೆ ಜೋಪಾನವಾಗಿಟ್ಟರೆ, ಮುಂದಿನ ಅಳತೆಯನ್ನು ಅದರ ಪಕ್ಕದಲ್ಲಿಟ್ಟು ಇಳಿತದ ವೇಗವನ್ನು ತಿಳಿಯಬಹುದು. 2020ರ ಮಹಾಮಾರಿಯ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಆಕ್ಸಿಮೀಟರ್ ಈ ಕೆಲಸಕ್ಕೆ ಸಾಲದು. ಶ್ವಾಸಕೋಶದ ಸಾಮರ್ಥ್ಯ ಬಹಳಷ್ಟು ಕುಗ್ಗಿದ ಮೇಲೂ ಅದು 95 ಎಂದೇ ತೋರಿಸಬಹುದು.

ಪರೀಕ್ಷೆಯು ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಸೂಜಿ ಚುಚ್ಚುವುದಿಲ್ಲ. ಹೊಟ್ಟೆ ತುಂಬ ಉಂಡು ಹೋಗಬಾರದು. ಇನ್ಹೇಲರ್ ಬಳಸುವವರು ಅಂದು ಅದನ್ನು ತೆಗೆದುಕೊಳ್ಳಬೇಕೇ ಎಂದು ಮೊದಲೇ ಕೇಳಿಕೊಳ್ಳಬೇಕು. ಬಾಯಿಗೆ ಭದ್ರವಾಗಿ ಕೂರುವ ಕಟ್ಟಿಸಿದ ಹಲ್ಲುಗಳನ್ನು ತೆಗೆಯಬೇಕಾಗಿಲ್ಲ. ಅವಿದ್ದರೆ ತುಟಿಗಳು ಕೊಳವೆಯನ್ನು ಬಿಗಿಯಾಗಿ ಹಿಡಿಯುತ್ತವೆ. ಇತ್ತೀಚೆಗೆ ಹೃದಯಾಘಾತವಾಗಿದ್ದರೆ ಅಥವಾ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿದ್ದರೆ ಊದುವ ಮೊದಲೇ ತಿಳಿಸಬೇಕು. ಕೆಲವು ದಿನ ಕಾದು ಬರಲು ಹೇಳುತ್ತಾರೆ.