ಕೆಂಡ ಕೂಡಿಡುವ ತಿಂಗಳು

ಶ್ರೀನಗರಕ್ಕೆ ನವೆಂಬರಿನಲ್ಲಿ ಹೊರಟಿದ್ದೇನೆ ಎಂದಾಗ, ಅಲ್ಲಿಗೆ ಹೋಗಿಬಂದವರೆಲ್ಲ ಒಂದೇ ಮಾತು ಹೇಳಿದರು. ಟ್ಯುಲಿಪ್ ನೋಡಬೇಕಾದರೆ ಏಪ್ರಿಲ್, ಹಿಮ ಬೇಕಾದರೆ ಜನವರಿ, ನವೆಂಬರಿನಲ್ಲಿ ಅಲ್ಲೇನಿದೆ? ಇದ್ದದ್ದು ಊರಿನ ಮನೆಗೆಲಸ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೆ ಕಲಾನ್ ಎಂಬ ಕಡುಚಳಿ. ಅದರ ಬೆನ್ನಿಗೇ ಇಪ್ಪತ್ತು ದಿನದ ಚಿಲ್ಲೆ ಖುರ್ದ್, ಹತ್ತು ದಿನದ ಚಿಲ್ಲೆ ಬಚ್ಚೆ. ನಲ್ಲಿಯ ನೀರು ಕೊಳವೆಯಲ್ಲೇ ಗಟ್ಟಿಯಾಗುವ, ಹೆದ್ದಾರಿ ಯಾವಾಗ ಮುಚ್ಚುವುದೋ ಗೊತ್ತಾಗದ ಆ ಎಪ್ಪತ್ತು ದಿನಗಳಿಗೆ ಬೇಕಾದ್ದನ್ನೆಲ್ಲ ಊರು ನವೆಂಬರಿನಲ್ಲೇ ಕೂಡಿಹಾಕುತ್ತದೆ. ತೋಟ, ಬೆಟ್ಟ, ಸರೋವರಗಳ ಪಟ್ಟಿಯನ್ನು ಬದಿಗಿಟ್ಟು ಈ ಕೂಡಿಹಾಕುವಿಕೆಯ ಹಿಂದೆ ಹೋದದ್ದರಿಂದ ನನಗೆ ಶ್ರೀನಗರ ಸ್ವಲ್ಪವಾದರೂ ತಿಳಿಯಿತು.

ಮೊದಲು ಕಣ್ಣಿಗೆ ಬೀಳುವುದು ಚಿನಾರ್ ಎಲೆ. ಹಜರತ್‌ಬಲ್ ದರ್ಗಾದ ಪಕ್ಕ, ಈಗ ಕಾಶ್ಮೀರ ವಿಶ್ವವಿದ್ಯಾಲಯದ ಆವರಣದಲ್ಲಿರುವ ನಸೀಮ್ ಬಾಗ್ ಮೊಗಲರ ಕಾಲದ ಚಿನಾರ್ ತೋಪು. ಇಬ್ಬರು ಮೂವರು ಕೈಹಿಡಿದು ನಿಂತರೂ ಅಪ್ಪಲಾಗದ ಬುಡಗಳು ಅಲ್ಲಿವೆ. ಅಕ್ಟೋಬರ್ ಕೊನೆಯಿಂದ ಎಲೆ ಹಳದಿಗೆ, ಆಮೇಲೆ ಕಿತ್ತಳೆಗೆ, ಕೊನೆಗೆ ಒಣಗಿದ ರಕ್ತದ ಬಣ್ಣಕ್ಕೆ ತಿರುಗುತ್ತದೆ. ನಾನು ಹೋದ ಹೊತ್ತಿಗೆ ಅರ್ಧಕ್ಕರ್ಧ ಉದುರಿ, ನೆಲ ಕಾಣದಂತೆ ಹಾಸಿತ್ತು. ಎಲೆಯ ಮೇಲೆ ಕೂತು, ಮಲಗಿ, ಎರಚಾಡಿ ಫೋಟೊ ತೆಗೆಸಿಕೊಳ್ಳುವವರ ಗುಂಪೇ ಇತ್ತು. ನಾನೂ ಒಂದೆರಡು ತೆಗೆಸಿಕೊಂಡೆ. ಚಿನಾರ್ ಅಲ್ಲಿಯ ಜನಕ್ಕೆ ಎಷ್ಟು ಮುಖ್ಯವೆಂದರೆ, ಮರ ಸ್ವಂತ ಜಮೀನಿನಲ್ಲೇ ಇದ್ದರೂ ಸರ್ಕಾರದ ಅನುಮತಿಯಿಲ್ಲದೆ ಕಡಿಯುವ ಹಾಗಿಲ್ಲ.

ತೋಪಿನ ಹೊರಗೆ, ರಸ್ತೆಯ ಬದಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಉದ್ದ ಹಿಡಿಯ ಪೊರಕೆಯಿಂದ ಎಲೆ ಗುಡಿಸಿ ಗುಡ್ಡೆ ಹಾಕುತ್ತಿದ್ದರು. ಜೊತೆಯಲ್ಲಿ ಮೊಮ್ಮಗ. ಗುಡ್ಡೆಗೆ ಬೆಂಕಿ ಹಚ್ಚಿ, ಉರಿ ಮೇಲೆದ್ದು ಬೂದಿಯಾಗುವ ಮುಂಚೆಯೇ ನೀರು ಚಿಮುಕಿಸಿ ಆರಿಸಿ, ಉಳಿದ ಕಪ್ಪು ಇದ್ದಿಲನ್ನು ಗೋಣಿಗೆ ತುಂಬುವುದು ಅವರ ಕೆಲಸ. ನೀರು ಬೇಗ ಬಿದ್ದರೆ ಎಲೆ ಹಸಿಯಾಗಿ ಉಳಿಯುತ್ತದೆ, ತಡವಾದರೆ ಬರೀ ಬೂದಿ. ಹುಡುಗ ಚೆಂಬು ಹಿಡಿದು ಅಜ್ಜಿಯ ಮುಖವನ್ನೇ ನೋಡುತ್ತಿದ್ದ. ಆಕೆ ಗಲ್ಲ ಅಲ್ಲಾಡಿಸಿದಾಗ ಸುರಿಯುತ್ತಿದ್ದ. ನಾನು ಹತ್ತಿರ ಹೋಗಿ ನಿಂತಾಗ ಆಕೆ ಕಾಶ್ಮೀರಿ ಬೆರೆತ ಹಿಂದಿಯಲ್ಲಿ ಹೇಳಿದರು: "ಮಗಳೇ, ನೀವೆಲ್ಲ ಇದನ್ನು ನೋಡೋಕೆ ಬರ್ತೀರಿ. ನಾನು ಜನವರಿ ಪೂರ್ತಿ ಇದನ್ನೇ ಮಡಿಲಲ್ಲಿ ಇಟ್ಟುಕೊಂಡಿರ್ತೀನಿ."

ಮಡಿಲಲ್ಲಿ ಎಂದದ್ದು ಅಕ್ಷರಶಃ ನಿಜ. ಆ ಇದ್ದಿಲು ಹೋಗುವುದು ಕಾಂಗ್ರಿಗೆ. ಕಾಂಗ್ರಿ ಎಂದರೆ ಎಳೆಯ ಕಡ್ಡಿಗಳಿಂದ ಹೆಣೆದ ಬುಟ್ಟಿ, ಅದರೊಳಗೆ ಮಣ್ಣಿನ ಕುಡಿಕೆ. ಕುಡಿಕೆಗೆ ಇದ್ದಿಲು ತುಂಬಿ, ಮೇಲೆ ನಾಲ್ಕು ಕೆಂಡ ಇಟ್ಟು, ಬೂದಿ ಮುಚ್ಚಿ, ಫೆರನ್ ಎಂಬ ಉದ್ದನೆಯ ಉಣ್ಣೆ ನಿಲುವಂಗಿಯ ಒಳಗೆ ಹಿಡಿದುಕೊಂಡರೆ ಗಂಟೆಗಟ್ಟಲೆ ಬಿಸಿ ನಿಲ್ಲುತ್ತದೆ. ಬಿಸಿ ಇಳಿದಾಗ ಬುಟ್ಟಿಗೆ ಕಟ್ಟಿರುವ ಪುಟ್ಟ ಲೋಹದ ಸಟ್ಟುಗದಿಂದ ಬೂದಿ ಕೆದಕುತ್ತಾರೆ. ಫೆರನ್ನಿನ ತೋಳುಗಳು ಖಾಲಿ ಜೋಲಾಡುತ್ತಿದ್ದರೆ ಆ ಮನುಷ್ಯನ ಎರಡೂ ಕೈ ಒಳಗೆ ಕೆಂಡದ ಸುತ್ತ ಇವೆ ಎಂದರ್ಥ. ಸಂಜೆ ನಾನಿದ್ದ ಮನೆಯವರು ನನಗೂ ಒಂದು ಕೊಟ್ಟರು. ಮೊದಮೊದಲು ಬಟ್ಟೆಗೆ ಕಿಡಿ ಹತ್ತೀತೆಂದು ಮೈ ಬಿಗಿಹಿಡಿದು ಕೂತಿದ್ದೆ. ಆಮೇಲೆ ಅದಿಲ್ಲದೆ ಮಾತಿಗೆ ಕೂರುವುದೇ ಬೇಡವೆನಿಸಿತು. ಅದಕ್ಕೆ ತೆರುವ ಬೆಲೆಯೂ ಇದೆ. ವರ್ಷಾನುಗಟ್ಟಲೆ ತೊಡೆಗೆ, ಹೊಟ್ಟೆಗೆ ತಾಗುವ ಈ ಶಾಖದಿಂದ ಬರುವ ಚರ್ಮದ ಕ್ಯಾನ್ಸರಿಗೆ ವೈದ್ಯರು ಕಾಂಗ್ರಿ ಕ್ಯಾನ್ಸರ್ ಎಂದೇ ಹೆಸರಿಟ್ಟಿದ್ದಾರೆ.

ಎಲೆ ಸುಡುವ ಹೊಗೆಯೂ ಹಾಗೆಯೇ. ಒಂದು ಕಡೆ ಜಬರ್ವಾನ್ ಬೆಟ್ಟ, ದೂರದಲ್ಲಿ ಪೀರ್ ಪಂಜಾಲ್ ಪರ್ವತಸಾಲು. ನಡುವಿನ ಕಣಿವೆಯಲ್ಲಿ ರಾತ್ರಿ ತಣ್ಣನೆಯ ಭಾರದ ಗಾಳಿ ನೆಲಕ್ಕಿಳಿದು ಕೂರುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ನಿಲ್ಲುತ್ತದೆ. ಹೊಗೆಗೆ ಮೇಲೇಳಲು ದಾರಿಯಿಲ್ಲ. ಬೆಳಿಗ್ಗೆ ದಾಲ್ ಸರೋವರದ ಮೇಲೆ ಕಂಡದ್ದೆಲ್ಲ ಮಂಜೆಂದು ನಂಬಿ ಉಸಿರೆಳೆದರೆ ಗಂಟಲು ಕೆರೆಯುತ್ತದೆ. ಎಲೆ ಸುಡಬಾರದೆಂದು ಆಡಳಿತ ಆಗಾಗ ಆದೇಶ ಹೊರಡಿಸುತ್ತದೆ, ಡಾಕ್ಟರುಗಳು ಎಚ್ಚರಿಸುತ್ತಾರೆ. ಅವರ ಮಾತು ಸರಿಯಾದದ್ದೇ. ಆದರೆ ಚಳಿಗಾಲದಲ್ಲಿ ವಿದ್ಯುತ್ತು ಸರದಿಯ ಪ್ರಕಾರ ಬಂದುಹೋಗುವ ಊರಿನಲ್ಲಿ, ಆ ಅಜ್ಜಿಯ ಕೈಯಳತೆಯಲ್ಲಿರುವ ಶಾಖ ಅದೊಂದೇ. ಬದಲಿಯನ್ನು ಕೈಗೆ ಕೊಡದೆ ಅವರ ಗೋಣಿಯನ್ನು ಕಿತ್ತುಕೊಳ್ಳುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಆಸ್ತಮಾ ಇರುವವರು ಮಾತ್ರ ಈ ತಿಂಗಳು ಶ್ರೀನಗರಕ್ಕೆ ಹೋಗುವ ಮುಂಚೆ ವೈದ್ಯರನ್ನು ಕೇಳಲೇಬೇಕು.

ಎಲೆಯ ನಂತರ ಅಡುಗೆಮನೆ. ಹಳೆಯ ಶಹರದ ಕಿಟಕಿಗಳಲ್ಲಿ, ಜಗಲಿಗಳಲ್ಲಿ, ಅಂಗಡಿಗಳ ಮುಂದೆ ಸರ ಸರ ತೂಗುತ್ತಿರುತ್ತವೆ: ಉದ್ದುದ್ದ ಸೀಳಿದ ಸೋರೆಕಾಯಿ, ಬದನೆ, ಟರ್ನಿಪ್, ಬಿಲ್ಲೆಬಿಲ್ಲೆಯಾಗಿ ಹೆಚ್ಚಿದ ಟೊಮೆಟೊ, ಒಣ ಮೀನು. ಒಟ್ಟಾಗಿ ಇವಕ್ಕೆ ಹೋಖ್ ಸ್ಯುನ್ ಎನ್ನುತ್ತಾರೆ. ಬೇಸಿಗೆಯ ಬಿಸಿಲಲ್ಲಿ ಒಣಗಿದ್ದು ನವೆಂಬರಿನಲ್ಲಿ ಪೇಟೆಗೆ ಬರುತ್ತದೆ. ನಾನು ಬೆಳೆದದ್ದು ಮಲೆನಾಡಿನಲ್ಲಿ, ಸಾಗರದ ಕಡೆಯ ಹಳ್ಳಿಯಲ್ಲಿ. ಅಲ್ಲಿ ಮಳೆಗಾಲ ಹಿಡಿಯುವ ಮೊದಲು ಸೌದೆ ಒಟ್ಟಿ, ಕೊಟ್ಟಿಗೆಗೆಂದು ದರಕು ಗುಡಿಸಿ ತಂದು, ಹಪ್ಪಳ, ಸಂಡಿಗೆ, ಬಾಳಕದ ಮೆಣಸು ಡಬ್ಬಿ ತುಂಬದೆ ಅಮ್ಮ ಸಮಾಧಾನದಿಂದ ಮಲಗಿದವಳಲ್ಲ. ಹಾಗಾಗಿ ಶ್ರೀನಗರದ ಹೆಂಗಸರು ಒಣಬದನೆಯ ಸರವನ್ನು ಮೂಗಿನ ಹತ್ತಿರ ಹಿಡಿದು ಬೂಷ್ಟಿನ ವಾಸನೆ ನೋಡುವುದನ್ನು ಕಂಡಾಗ, ಏನು ನೋಡುತ್ತಿದ್ದಾರೆಂದು ಯಾರೂ ನನಗೆ ಹೇಳಿಕೊಡಬೇಕಾಗಲಿಲ್ಲ. ಅಂಗಡಿಯ ಮುದುಕನೊಂದಿಗೆ ಅರ್ಧ ಗಂಟೆ ಒಣಗಿಸುವ ಮಾತೇ ಆಯಿತು. ಪರಸ್ಥಳದಲ್ಲಿ ಮಾತು ಬೆಳೆಯಬೇಕಾದರೆ "ಮಳೆಗಾಲಕ್ಕೆ, ಚಳಿಗಾಲಕ್ಕೆ ಏನು ಎತ್ತಿಡುತ್ತೀರಿ" ಎಂದು ಕೇಳುವುದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಇನ್ನೂ ಸಿಕ್ಕಿಲ್ಲ.

ದಿನವನ್ನು ಹೇಗೆ ಹಂಚಿಕೊಳ್ಳಬೇಕೆಂಬುದನ್ನೂ ಊರೇ ಕಲಿಸಿತು. ನವೆಂಬರ್ ನಡುವಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಸುಮಾರು ಏಳಕ್ಕೆ, ಮುಳುಗುವುದು ಐದೂವರೆಯ ಆಸುಪಾಸು. ನಿಶಾತ್, ಶಾಲಿಮಾರ್ ತೋಟಗಳು ದಾಲ್ ಸರೋವರದ ಪೂರ್ವಕ್ಕೆ, ಜಬರ್ವಾನ್ ಬೆಟ್ಟದ ಬುಡಕ್ಕೇ ಅಂಟಿಕೊಂಡಿವೆ. ಬೆಟ್ಟದ ಹಿಂದಿನಿಂದ ಬಿಸಿಲು ಇಳಿಯಲು ಹೊತ್ತಾಗುತ್ತದೆ. ಬೆಳಿಗ್ಗೆ ಅಲ್ಲಿ ಬರೀ ನೆರಳು, ನಡುಕ. ನೂರ್ ಜಹಾನಳ ಅಣ್ಣ ಆಸಿಫ್ ಖಾನ್ 1633ರಲ್ಲಿ ಕಟ್ಟಿಸಿದ ನಿಶಾತ್ ಬಾಗಿನ ಹನ್ನೆರಡು ಮೆಟ್ಟಿಲು ಮೆಟ್ಟಿಲಾದ ಅಂಗಳಗಳ ಮೇಲೆ ಪಶ್ಚಿಮದ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ. ಚಿನಾರ್ ಉರಿಯುವ ಬಣ್ಣಕ್ಕೆ ಬರುವುದು ಆಗಲೇ. ಬೆಳಗಿನ ಹೊತ್ತಿಗೆ ಎದುರು ದಂಡೆಯ ಹಜರತ್‌ಬಲ್ ಸರಿ. ಇನ್ನೂ ಬೇಗ ಏಳಬಲ್ಲವರು ದಾಲ್‌ನ ತೇಲುವ ತರಕಾರಿ ಸಂತೆಗೆ ಹೋಗಬೇಕು. ಉದ್ದ ಕೋಲಿನ ತುದಿಯ ಕೊಕ್ಕೆಯಿಂದ ಕೆಸರಿನೊಳಗಿನ ತಾವರೆ ದಂಟನ್ನು ಎಳೆದು ತೆಗೆಯುವವರು, ದೋಣಿಯಲ್ಲಿ ಕಂತೆಕಂತೆ ಹಾಕ್ ಸೊಪ್ಪು ಹೇರಿಕೊಂಡು ಕೆಂಪಾದ ಕೈಗಳಿಂದ ಹುಟ್ಟು ಹಾಕುವವರು ಅಲ್ಲಿ ಸಿಗುತ್ತಾರೆ. ಪ್ರವಾಸಿಗಳು ಬರುವ ಹೊತ್ತಿಗೆ ಅವರ ವ್ಯಾಪಾರ ಮುಗಿದಿರುತ್ತದೆ.

ಬೆಳಗಿನ ತಿಂಡಿ ಕಾಂದುರ್ ಎಂಬ ರೊಟ್ಟಿಭಟ್ಟಿಯವನ ಹತ್ತಿರ. ಮಣ್ಣಿನ ತಂದೂರಿನಿಂದ ಆಗಷ್ಟೇ ಕಿತ್ತ ಗಿರ್ದಾ, ಅದರ ಜೊತೆ ನೂನ್ ಚಾಯ್: ಉಪ್ಪು, ಚಿಟಿಕೆ ಸೋಡ ಹಾಕಿ ಬಹಳ ಹೊತ್ತು ಕುದಿಸಿದ, ಹಾಲು ಬೆರೆತೊಡನೆ ಗುಲಾಬಿ ಬಣ್ಣ ತಳೆಯುವ ಚಹಾ. ನಮ್ಮ ನಾಲಗೆಗೆ ಒಂದೆರಡು ಬೆಳಗು ಬೇಕು, ಬಿಡಬಾರದು. ಊರಿನ ಸುದ್ದಿಯೆಲ್ಲ ಆ ಭಟ್ಟಿಯ ಮುಂದಿನ ಸಾಲಿನಲ್ಲೇ ಕೈ ಬದಲಾಗುತ್ತದೆ.

ಹೀಗೆ ಕಿಟಕಿಗಳನ್ನು ನೋಡುತ್ತ ನಡೆಯುವ ಅಭ್ಯಾಸವಾಗಿದ್ದರಿಂದಲೇ ಹಬ್ಬಾ ಕದಲ್‌ನಲ್ಲಿ ಕಾಲು ನಿಂತಿತು. ಝೇಲಂ ದಂಡೆಯ ಆ ಬೀದಿಗಳಲ್ಲಿ 1990ರಲ್ಲಿ ಊರು ಬಿಟ್ಟ ಕಾಶ್ಮೀರಿ ಪಂಡಿತರ ಮನೆಗಳು ಇನ್ನೂ ಇವೆ. ಕೆತ್ತನೆಯ ಕಿಟಕಿ, ಕುಸಿದ ಛಾವಣಿ. ಪಕ್ಕದ ಮನೆಯಲ್ಲಿ ಸೋರೆಕಾಯಿ ಸರ ತೂಗುತ್ತಿದೆ, ಸೌದೆ ಒಟ್ಟಿದೆ. ಇಲ್ಲಿ ಚಳಿಗಾಲಕ್ಕೆ ಏನೂ ಕೂಡಿಟ್ಟಿಲ್ಲ. ಆ ಬೀದಿಯಲ್ಲಿ ನಾನು ಕ್ಯಾಮೆರಾ ಹೊರತೆಗೆಯಲಿಲ್ಲ.

ಹೋಗುವವರಿಗೆ ಉಪಯೋಗಕ್ಕೆ ಬರುವ ಕೆಲವು ಮಾತು. ಹೊರರಾಜ್ಯದ ಪ್ರೀಪೇಯ್ಡ್ ಮೊಬೈಲ್ ಸಂಪರ್ಕ ಜಮ್ಮು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಮಂಜು ದಟ್ಟವಾದರೆ ವಿಮಾನ ತಡವಾಗಬಹುದು, ರದ್ದಾಗಲೂಬಹುದು. ಮರಳುವ ದಿನದ ಪಕ್ಕ ಒಂದು ದಿನ ಖಾಲಿ ಇರಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಗ್ಯಾಸ್ ಹೀಟರನ್ನೋ ಇದ್ದಿಲ ಬೆಂಕಿಯನ್ನೋ ಮುಚ್ಚಿದ ಕೋಣೆಯಲ್ಲಿಟ್ಟುಕೊಂಡು ಮಲಗಬಾರದು. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಮಲಗುವ ಮುಂಚೆ ಆರಿಸಬೇಕು, ಕಿಟಕಿ ಎರಡು ಬೆರಳಷ್ಟು ತೆರೆದಿರಬೇಕು. ಇದನ್ನು ನನಗೆ ಮನೆಯ ಯಜಮಾನ ರಾತ್ರಿ ಬಾಗಿಲು ತಟ್ಟಿ ಮತ್ತೆ ಮತ್ತೆ ಹೇಳಿಹೋದರು.

ಕೊನೆಗೆ ಪಾಂಪೋರ್. ಶ್ರೀನಗರದಿಂದ ದಕ್ಷಿಣಕ್ಕೆ ಅರ್ಧ ಗಂಟೆಯ ದಾರಿ. ಕರೇವಾ ಎಂದು ಕರೆಯುವ ಎತ್ತರದ ಒಣ ಮಣ್ಣಿನ ದಿಣ್ಣೆಗಳ ಮೇಲೆ ಕೇಸರಿ ಅರಳುವುದು ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ ಮಾತ್ರ. ನಾನು ನೋಡಿದ್ದು ಕೊನೆಯ ಹೂಗಳನ್ನು. ಎಲೆಯಿಲ್ಲವೆನ್ನುವಷ್ಟು ಬರಿದಾದ ನೆಲದಿಂದ ನೇರಳೆ ಹೂ ಒಂದೊಂದೇ ತಲೆಯೆತ್ತಿರುತ್ತದೆ. ಮನೆಮಂದಿಯೆಲ್ಲ ಬಿಸಿಲೇರುವ ಮುಂಚೆ ಬಗ್ಗಿ ಬಗ್ಗಿ ಬಿಡಿಸಿ ಬುಟ್ಟಿಗೆ ಹಾಕುತ್ತಾರೆ. ಆಮೇಲೆ ನಡುಮನೆಯಲ್ಲಿ ರಾಶಿಯ ಸುತ್ತ ಕೂತು ಒಂದೊಂದು ಹೂವಿನಿಂದ ಮೂರು ಕೆಂಪು ಎಳೆ ಎತ್ತುತ್ತಾರೆ. ಒಂದು ಕಿಲೋ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂ ಬೇಕು. ನನ್ನನ್ನೂ ಕೂರಿಸಿಕೊಂಡರು. ಆ ಮನೆಯ ಸೊಸೆ ಮಾತಾಡುತ್ತಲೇ ಹತ್ತು ಹೂ ಬಿಡಿಸುವಷ್ಟರಲ್ಲಿ ನನ್ನ ಕೈಯಲ್ಲಿ ಒಂದು ಹೂ. ಬೆರಳ ತುದಿ ಹಳದಿಯಾಯಿತು. ಕೇಸರಿಗೆ ಯಾಕೆ ಅಷ್ಟು ಬೆಲೆ ಎಂಬ ಪ್ರಶ್ನೆಯನ್ನು ಅಲ್ಲಿಂದ ಎದ್ದ ಮೇಲೆ ನಾನು ಯಾರನ್ನೂ ಕೇಳಿಲ್ಲ.

ಪಾಂಪೋರಿನ ಹತ್ತಿರದ ಖೋನ್‌ಮೋಹ್ ಎಂಬ ಊರನ್ನು ನೋಡಲೇಬೇಕೆಂದು ನನಗಿದ್ದ ಆಸೆಗೆ ಕಾರಣ ನಮ್ಮ ಕಲ್ಯಾಣ. ಹನ್ನೊಂದನೆಯ ಶತಮಾನದಲ್ಲಿ ಆ ಊರಲ್ಲಿ ಹುಟ್ಟಿದ ಕವಿ ಬಿಲ್ಹಣ ಕಾಶ್ಮೀರ ಬಿಟ್ಟು, ಮಥುರೆ, ಕಾಶಿಗಳನ್ನು ಹಾದು, ಕಡೆಗೆ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಬಂದು 'ವಿಕ್ರಮಾಂಕದೇವಚರಿತ' ಬರೆದ. ಇಂದಿನ ಬಸವಕಲ್ಯಾಣದ ಬಿಸಿಲಲ್ಲಿ ಕೂತು ಬರೆದ ಆ ಕಾವ್ಯದಲ್ಲಿ ತನ್ನ ಹುಟ್ಟೂರಿನ ಕೇಸರಿಯನ್ನೂ ದ್ರಾಕ್ಷಿಯನ್ನೂ ನೆನೆದಿದ್ದಾನೆ. ಮುಂದಿನ ಶತಮಾನದಲ್ಲಿ ಅದೇ ಕಲ್ಯಾಣಕ್ಕೆ ಕಾಶ್ಮೀರದ ಅರಸನೊಬ್ಬ ರಾಜ್ಯ ತೊರೆದು ಬಂದು ಸೌದೆ ಮಾರಿ ಬದುಕಿದ, ಅವನೇ ಶರಣ ಮೋಳಿಗೆಯ ಮಾರಯ್ಯ ಎಂಬುದು ಐತಿಹ್ಯ. ಸೌದೆಯ ಹೊರೆ ಹೊತ್ತ ಗಾಡಿಗಳು ಎದುರಾಗುತ್ತಿದ್ದ ಆ ದಾರಿಯಲ್ಲಿ ಇಬ್ಬರ ನೆನಪೂ ಒಟ್ಟಿಗೇ ಬಂತು. ಇವತ್ತಿನ ಖೋನ್‌ಮೋಹ್‌ನಲ್ಲಿ ಕೈಗಾರಿಕಾ ವಸಾಹತು ಇದೆ, ಸಿಮೆಂಟಿನ ದೂಳಿದೆ.

ಆ ದೂಳು ಹೂವಿನ ಮೇಲೆ ಕೂರುತ್ತದೆ ಎಂಬುದು ರೈತರ ಅಳಲು. 1990ರ ದಶಕದಲ್ಲಿ ಐದು ಸಾವಿರ ಹೆಕ್ಟೇರ್ ಮೀರಿದ್ದ ಕೇಸರಿ ಜಮೀನು ಈಗ ನಾಲ್ಕು ಸಾವಿರಕ್ಕಿಂತ ಕೆಳಗಿಳಿದಿದೆ. ಹೊಲಗಳ ನಡುವೆ ಮನೆಗಳೆದ್ದಿವೆ. 2010ರಲ್ಲಿ ಶುರುವಾದ ರಾಷ್ಟ್ರೀಯ ಕೇಸರಿ ಮಿಷನ್ ತುಂತುರು ನೀರಾವರಿಗೆಂದು ಕೊಳವೆ ಹಾಕಿಸಿತು, 2020ರಲ್ಲಿ ಭೌಗೋಳಿಕ ಸೂಚ್ಯಂಕವೂ ಸಿಕ್ಕಿತು. ನನ್ನನ್ನು ಕೂರಿಸಿಕೊಂಡ ಮನೆಯ ಹಿರಿಯರು ಹೇಳಿದ್ದು ಬೇರೆಯೇ. "ನೋಡಮ್ಮ, ಹೂ ನೋಡೋಕೆ ನವೆಂಬರಿಗೆ ಎಲ್ಲರೂ ಬರ್ತಾರೆ. ಗೆಡ್ಡೆಗೆ ನೀರು ಬೇಕಾದದ್ದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಆವಾಗ ಮಳೆ ಕೈಕೊಟ್ಟರೆ ಇಲ್ಲಿ ಯಾರೂ ಇರೋದಿಲ್ಲ." ಅವರಿಂದ ಸ್ವಲ್ಪ ಕೇಸರಿ ಕೊಂಡೆ, ಚೌಕಾಸಿ ಮಾಡದೆ. ಒಂದೆಳೆಯನ್ನು ನೀರಿಗೆ ಹಾಕಿ ತೋರಿಸಿದರು: ಅಸಲಿ ಕೇಸರಿ ಬಣ್ಣವನ್ನು ನಿಧಾನವಾಗಿ ಬಿಡುತ್ತದೆ, ಎಳೆ ಕೆಂಪಾಗಿಯೇ ಉಳಿಯುತ್ತದೆ, ತಟ್ಟನೆ ಬಣ್ಣ ಬಿಟ್ಟು ತಾನು ಬಿಳಿಚಿದರೆ ಕೊಳ್ಳಬಾರದು. ಮುಂದಿನ ಸಲ ಆಗಸ್ಟಿನಲ್ಲಿ ಬಾ, ಗೆಡ್ಡೆ ಅಗೆದು ಬೇರ್ಪಡಿಸಿ ಮತ್ತೆ ನೆಡುವುದನ್ನು ತೋರಿಸುತ್ತೇನೆ ಎಂದರು. ಬರುತ್ತೇನೆಂದು ಹೇಳಿ, ತಿಂಗಳನ್ನೂ ಮನೆಯ ಗುರುತನ್ನೂ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.